ಎಷ್ಟು ಮೀಟರ್ ಕೊರೀಬೇಕು?

ಪರದೆ ಮೇಲಿರೋದು ನನ್ನ ನೋಟ್‌ಬುಕ್. ಮೂಲೇಲಿ 150 ಅಂತ ಬರೆದು ಗೀಟು ಹೊಡೆದಿದ್ದೀನಲ್ಲ, ಇವತ್ತಿನ ಕಥೆ ಅದೇ. ನೆಲಕ್ಕೆ ಆಳದ ಬೋರ್ ಕೊರೆದು, ಅದರೊಳಗಿನ ಪೈಪಿಂದ ಚಳಿಗಾಲದಲ್ಲಿ ನೆಲದ ಶಾಖ ಕಟ್ಟಡಕ್ಕೆ ತರೋ, ಬೇಸಿಗೇಲಿ ಕಟ್ಟಡದ ಶಾಖ ನೆಲಕ್ಕೆ ಇಳಿಸೋ ಯಂತ್ರವೇ ಹೀಟ್ ಪಂಪ್. ಅದಕ್ಕೆ ಎಷ್ಟು ಮೀಟರ್ ಬೋರ್ ಬೇಕು ಅನ್ನೋದು ನನ್ನ ಲೆಕ್ಕ.

ಕಟ್ಟಡ ಬೆಚ್ಚಗಿಡೋಕೆ 10 ಕಿಲೋವ್ಯಾಟ್ ಬೇಕು ಅಂದ್ಕೊಳ್ಳಿ. ಹೀಟ್ ಪಂಪಿನ ಸಿಒಪಿ 4, ಅಂದ್ರೆ ಒಂದು ಪಾಲು ಕರೆಂಟಿಗೆ ನಾಲ್ಕು ಪಾಲು ಶಾಖ. ಎರಡೂವರೆ ಕರೆಂಟಿಂದ ಬರುತ್ತೆ, ಏಳೂವರೆ ನೆಲದಿಂದ. ಬೋರ್‌ನ ಪ್ರತಿ ಮೀಟರಿಗೆ 50 ವ್ಯಾಟ್ ಅನ್ನೋ ಬಾಯಂದಾಜು ಈ ಕೆಲಸದವರಲ್ಲಿ ಓಡಾಡ್ತಾನೇ ಇರುತ್ತೆ. ಭಾಗಿಸಿದೆ, 150 ಮೀಟರ್. ಮುಗೀತು ಅಂದ್ಕೊಂಡೆ.

ಆಮೇಲೆ ಬೇಸಿಗೆ ನೆನಪಾಯ್ತು. ತಂಪು ಮಾಡುವಾಗ ಕೋಣೆಯ ಶಾಖದ ಜೊತೆ ಕಂಪ್ರೆಸರ್‌ನ ಶಾಖಾನೂ ನೆಲಕ್ಕೇ ಇಳೀಬೇಕು. ಅದೇ 10 ಕಿಲೋವ್ಯಾಟಿಗೆ ಈಗ ಹನ್ನೆರಡೂವರೆ. ಅದೇ 50 ಹಿಡಿದರೆ 250 ಮೀಟರ್!

ಇನ್ನು ಆ 50 ಆದ್ರೂ ಯಾವ ನೆಲದ್ದು? ಗ್ರಾನೈಟಿನ ಶಾಖವಾಹಕತೆ, ಅಂದ್ರೆ ಶಾಖ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಅಂತ), 3ರ ಆಸುಪಾಸು, ನೀರು ಕುಡಿದ ಮರಳಿನದು 2ರ ಮೇಲೆ, ಒಣ ಮರಳು ಅರ್ಧದ ಹತ್ರಾನೇ ಸುಸ್ತು. ಅದಕ್ಕೇ ಒಂದು ಬೋರ್ ಕೊರೆದು, ಯು ಆಕಾರದ ಪೈಪ್ ಇಳಿಸಿ, ಕನಿಷ್ಠ 48 ಗಂಟೆ ಒಂದೇ ಸಮ ಶಾಖ ಕೊಟ್ಟು ನೀರು ತಿರುಗಿಸ್ತಾರೆ. ನೀರಿನ ತಾಪಮಾನವನ್ನ ಸಮಯದ ಸ್ವಾಭಾವಿಕ ಲಾಗರಿದಮ್ ಎದುರು ಗೀಚಿದರೆ, ಮೊದಲ ಕೆಲವು ಗಂಟೆ ಬಿಟ್ಟು, ನೇರ ಗೆರೆ ಬರುತ್ತೆ. ಆ ಇಳಿಜಾರಲ್ಲೇ ನೆಲದ ಜಾತಕ ಇದೆ. ಮೀಟರಿಗೆ 50 ವ್ಯಾಟ್ ಕೊಟ್ಟು ಇಳಿಜಾರು 2 ಬಂದ್ರೆ, ವಾಹಕತೆಯೂ ಹೆಚ್ಚುಕಡಿಮೆ 2. ಇಷ್ಟು ಸರಳವಾದ ಪರೀಕ್ಷೆ ಇಷ್ಟೆಲ್ಲ ಹೇಳೋದು ನನಗೆ ಈಗಲೂ ಸೋಜಿಗ.

ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ನೆಲ ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ ಅಂತೀವಲ್ಲ, ಅದಕ್ಕೂ ಅಜೀರ್ಣ ಆಗುತ್ತೆ. ಬೇಸಿಗೇಲಿ ಸುರಿದಷ್ಟು ಶಾಖ ಚಳಿಗಾಲದಲ್ಲಿ ವಾಪಸ್ ತೆಗೀದಿದ್ರೆ, ಬಾಕಿ ಅಲ್ಲೇ ಕೂರುತ್ತೆ. ಒಂಟಿ ಬೋರ್ ಸುತ್ತಲ ನೆಲಕ್ಕೆ ಹಂಚಿ ಸುಧಾರಿಸ್ಕೊಳ್ಳುತ್ತೆ. ಹತ್ತಾರು ಬೋರ್ ಐದಾರು ಮೀಟರ್ ಅಂತರದಲ್ಲಿ ನಿಂತ್ರೆ? ನಡುವಿನದಕ್ಕೆ ಶಾಖ ಬಿಡೋಕೆ ದಾರಿಯೇ ಇಲ್ಲ. ವರ್ಷವರ್ಷಕ್ಕೂ ನೆಲ ಬಿಸಿಯಾಗ್ತಾ, ಪಂಪಿನ ಸಿಒಪಿ ಇಳೀತಾ ಹೋಗುತ್ತೆ.

ಹಾಗಾಗಿ ಸರಿಯಾದ ಲೆಕ್ಕದಲ್ಲಿ ಮೂರು ಹೊರೆ ಬರ್ತವೆ: ಕೆಲವೇ ಗಂಟೆಗಳ ಗರಿಷ್ಠ, ಕಠಿಣ ತಿಂಗಳಿನ ಸರಾಸರಿ, ಇಡೀ ವರ್ಷದ ಬಾಕಿ. ಮೊದಲೆರಡನ್ನ ಮರೆತವರು ಕಮ್ಮಿ, ಮೂರನೇದನ್ನ ಮರೆತವರಲ್ಲಿ ನಾನೂ ಒಬ್ಬ.

ಈಗಿನ ಪುಟ ನೋಡಿ. ಬೋರ್‌ಗಳನ್ನ ಚಳಿಗಾಲಕ್ಕೆ ಸಾಕಾಗುವಷ್ಟೇ ಇಟ್ಟು, ಬೇಸಿಗೆಯ ಹೆಚ್ಚುವರಿ ಶಾಖವನ್ನ ಗಾಳಿಗೆ ಬಿಡೋಕೆ ಕೂಲಿಂಗ್ ಟವರ್ ಸೇರಿಸಿದ್ದೀನಿ. ಕೋಷ್ಟಕದಲ್ಲಿ ನಾನೀಗ ಮೊದಲು ನೋಡೋದು 20ನೇ ವರ್ಷದ ಸಾಲನ್ನ.