ಕಿಣ್ವದ ಪ್ರಯೋಗ: ಒಂದು ಸಲಕ್ಕೆ ಒಂದೇ ಬದಲಾವಣೆ

ಕೇಳುಗರಿಗೆ ನಮಸ್ಕಾರ. ಕಿಣ್ವಗಳ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನ್‌ಗಳ, ಪ್ರಯೋಗ ಮಾಡುವ ವಿದ್ಯಾರ್ಥಿಗಳಿಗೂ ಮಾಡಿಸುವ ಅಧ್ಯಾಪಕರಿಗೂ ಇವತ್ತು ಹೇಳುವುದು ಒಂದೇ ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಬಿಗಿಯಾಗಿ ಹಿಡಿದಿಡಿ.

ಈ ಪಾಠ ಕಲಿಸಿದ್ದು ಇನ್ವರ್ಟೇಸ್, ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವ ಕಿಣ್ವ. 1903ರಲ್ಲಿ ವಿಕ್ಟರ್ ಆಂರಿ ಅದರ ವೇಗಕ್ಕೊಂದು ಸಮೀಕರಣ ಬರೆದರು. ಸಮೀಕರಣವೇನೋ ಸರಿಯಾಗಿತ್ತು, ಆದರೆ ದ್ರಾವಣದ ಆಮ್ಲೀಯತೆಯನ್ನು ಅವರು ಹತೋಟಿಯಲ್ಲಿ ಇಟ್ಟಿರಲಿಲ್ಲ. ಆಮ್ಲೀಯತೆಗೆ ಪಿಎಚ್ ಎಂಬ ಅಳತೆ ಬಂದದ್ದೇ 1909ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಅದನ್ನು ರೂಪಿಸಿದ್ದು ಕಿಣ್ವಗಳ ಅಧ್ಯಯನಕ್ಕಾಗಿಯೇ! 1913ರಲ್ಲಿ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಅದೇ ಇನ್ವರ್ಟೇಸನ್ನು ಮತ್ತೆ ಕೈಗೆತ್ತಿಕೊಂಡರು. ಆಮ್ಲೀಯತೆ ಏರಿಳಿಯದಂತೆ ತಡೆಯುವ ಅಸಿಟೇಟ್ ಬಫರ್ ಹಾಕಿ ಪಿಎಚ್ ಕಟ್ಟಿಹಾಕಿದರು. ಉಷ್ಣತೆ 25 ಡಿಗ್ರಿ. ಸಕ್ಕರೆ ಎಷ್ಟು ಒಡೆದಿದೆ ಎಂದು ತಿಳಿಯಲು, ದ್ರಾವಣವು ಧ್ರುವೀಕೃತ ಬೆಳಕನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು) ಎಷ್ಟು ತಿರುಗಿಸುತ್ತದೆ ಎಂಬುದೇ ಅವರ ಅಳತೆ. ಆದರೆ ಆಗತಾನೇ ಹುಟ್ಟಿದ ಗ್ಲೂಕೋಸ್ ಸ್ವಲ್ಪ ಹೊತ್ತು ತನ್ನಷ್ಟಕ್ಕೇ ರೂಪ ಬದಲಿಸುತ್ತಿರುತ್ತದೆ, ಅಂಕಿ ಜಾರುತ್ತದೆ. ಹಾಗಾಗಿ ಕ್ಷಾರ ಬೆರೆಸಿ ಕಿಣ್ವವನ್ನು ನಿಲ್ಲಿಸಿ, ಆ ಬದಲಾವಣೆ ಮುಗಿದ ಮೇಲೆ ಅಳೆದರು. ಎಂಥ ಅಚ್ಚುಕಟ್ಟು! ಇವತ್ತಿಗೂ ಅವರ ಹೆಸರು ಪ್ರತಿ ಪಠ್ಯಪುಸ್ತಕದಲ್ಲಿದೆ.

ಈಗ ನಿಮ್ಮ ಪ್ರನಾಳಕ್ಕೆ ಬರೋಣ. ಪಿಷ್ಟವನ್ನು ಒಡೆಯುವ ಕಿಣ್ವ ಅಮೈಲೇಸ್, ಶೇಕಡಾ 1ರ ಪಿಷ್ಟದ ದ್ರಾವಣ, ಪಿಷ್ಟ ಸಿಕ್ಕರೆ ಕಡುನೀಲಿಯಾಗುವ ಅಯೋಡಿನ್. ಕಿಣ್ವ, ಪಿಷ್ಟ ಎರಡನ್ನೂ ಬೇರೆ ಬೇರೆ ಪ್ರನಾಳಗಳಲ್ಲಿ 5 ನಿಮಿಷ ಬೇಕಾದ ಉಷ್ಣತೆಯ ನೀರಿನ ತೊಟ್ಟಿಯಲ್ಲಿ, ಅಂದರೆ ವಾಟರ್ ಬಾತ್‌ನಲ್ಲಿಟ್ಟು, ಆಮೇಲೆ ಬೆರೆಸಿ. ದಯವಿಟ್ಟು ಆ 5 ನಿಮಿಷ ಕಾಯಿರಿ. ಮೊದಲೇ ಬೆರೆಸಿದರೆ ಬಿಸಿಯೇರುವಷ್ಟರಲ್ಲೇ ಕಿಣ್ವ ಅರ್ಧ ಕೆಲಸ ಮುಗಿಸಿರುತ್ತದೆ. ನೀವು ಅಳೆದದ್ದು ಯಾವ ಉಷ್ಣತೆಯದ್ದು? ಬೆರೆಸಿದ ಮೇಲೆ 30 ಸೆಕೆಂಡಿಗೊಮ್ಮೆ ಒಂದು ಹನಿ ತೆಗೆದು, ಬಿಳಿ ಟೈಲಿನ ಗುಳಿಯಲ್ಲಿರುವ ಅಯೋಡಿನ್‌ಗೆ ಬಿಡಿ. ಕಡುನೀಲಿ ನೇರಳೆಗೆ, ನೇರಳೆ ಕೆಂಗಂದಿಗೆ ತಿರುಗಿ, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯುತ್ತದೆ. ಆ ಸಮಯ ಬರೆದುಕೊಳ್ಳಿ.

ಹೊತ್ತು ಕಡಿಮೆ ಇದೆ, ಬೇಗ ಹೇಳುತ್ತೇನೆ. ಬಿಸಿಯಲ್ಲಿ ಪಿಷ್ಟದ ನೀಲಿ ತಾನಾಗಿಯೇ ಮಾಯವಾಗುತ್ತದೆ. ನೀವು ಬದಲಿಸುವುದು ಉಷ್ಣತೆಯಾದರೆ, 80 ಡಿಗ್ರಿಯ ಹನಿ ತಣ್ಣಗಾದ ಮೇಲೆಯೇ ಬಣ್ಣ ನೋಡಿ. ಪಿಎಚ್ ಬದಲಿಸುವಾಗ ಕ್ಷಾರ ಹೆಚ್ಚಾದರೆ ಅಯೋಡಿನ್ನೇ ಬಣ್ಣ ಕಳೆದುಕೊಳ್ಳುತ್ತದೆ, ಪಿಷ್ಟ ಮುಗಿಯಿತೆಂದು ಮೋಸಹೋಗಬೇಡಿ. ಲಾಲಾರಸದ ಅಮೈಲೇಸ್‌ಗೆ ಕ್ಲೋರೈಡ್ ಬೇಕು. ಎಲ್ಲ ಪ್ರನಾಳಗಳಿಗೂ ಉಪ್ಪಿನ ದ್ರಾವಣ ಸಮನಾಗಿ ಹಾಕಿ. ಮತ್ತೆ ಅದೇ ಮಾತು: ಬದಲಾಗುವುದು ಒಂದೇ.

ಕೊನೆಯಲ್ಲಿ, ಮಂಜುಗಡ್ಡೆಯಲ್ಲಿಟ್ಟ ಪ್ರನಾಳವನ್ನೂ ಕುದಿಸಿದ ಪ್ರನಾಳವನ್ನೂ 37 ಡಿಗ್ರಿಗೆ ತನ್ನಿ. ಮೊದಲನೆಯದು ಕೆಲಸ ಶುರುಮಾಡುತ್ತದೆ, ಎರಡನೆಯದು ಮಾಡುವುದಿಲ್ಲ. ನಮಸ್ಕಾರ.