ಹಡಗು ಹೊರಡುವುದು ಎಲ್ಲಿಂದ?

ಕಳೆದ ವಾರ ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಮ್ಮನ ಮಗಳ ವಾಯ್ಸ್ ಮೆಸೇಜ್ ಬಂತು. "ಅಕ್ಕಾ, ಈ ಸಲ ಕ್ರೂಸ್ ಹೋಗುವಾ ಅಂತ ಉಂಟು. ಇವರು ಗ್ರೀಸ್ ಅಂತಾರೆ. ಅತ್ತೆ ಲಕ್ಷದ್ವೀಪ ಅಂತಾರೆ. ಏಜೆಂಟ್ ದುಬೈ ಅಂತಾನೆ. ನೀನು ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಂದವಳಲ್ವಾ, ಯಾವುದು ಅಂತ ಒಂದು ಹೇಳು ಮಾರಾಯ್ತಿ." ಹಿಂದಿನಿಂದ ಚಿಕ್ಕವನು ಅಳುವುದು ಕೇಳಿಸುತ್ತಿತ್ತು. ಅವಳ ಮಗಳಿಗೆ ಐದು ವರ್ಷ. ಮಗನಿಗೆ ಇನ್ನೂ ಎರಡು ತುಂಬಿಲ್ಲ.

"ಸಿಂಗಾಪುರ, ಮೂರು ರಾತ್ರಿ" ಅಂತ ಉತ್ತರ ಕಳಿಸಿದೆ. ತಕ್ಷಣ ಫೋನ್ ಬಂತು. "ಸಿಂಗಾಪುರಕ್ಕೆ ಎಲ್ಲರೂ ಹೋಗ್ತಾರಲ್ಲ ಅಕ್ಕ, ಅದರಲ್ಲಿ ಎಂತ ಉಂಟು?" ಆ ಫೋನು ಮುಕ್ಕಾಲು ಗಂಟೆ ನಡೆಯಿತು. ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ. ಒಪ್ಪದಿದ್ದರೆ ಬೈಯಿರಿ, ಪರವಾಗಿಲ್ಲ.

ನಾನು ಬೆಳೆದದ್ದು ಸುರತ್ಕಲ್‌ನಲ್ಲಿ. ಪಕ್ಕದಲ್ಲೇ ಪಣಂಬೂರು, ನವಮಂಗಳೂರು ಬಂದರು. ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ವಿದೇಶಿ ಪ್ರವಾಸಿಗರ ದೊಡ್ಡ ಹಡಗುಗಳು ಬರುತ್ತವೆ. ಬೆಳಿಗ್ಗೆ ಬರುತ್ತವೆ, ಸಂಜೆಗೆ ಹೊರಟುಬಿಡುತ್ತವೆ. ಅಷ್ಟರಲ್ಲಿ ಆ ಜನರನ್ನು ಬಸ್ಸಿನಲ್ಲಿ ಕೂರಿಸಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ತೋರಿಸುತ್ತಾರೆ. ಕದ್ರಿ ದೇವಸ್ಥಾನ, ಒಂದು ಗೇರುಬೀಜದ ಫ್ಯಾಕ್ಟರಿ, ಮಾರ್ಕೆಟ್ಟಿನಲ್ಲಿ ಒಂದು ಸುತ್ತು. ಮುಗೀತು ಮಂಗಳೂರು. ಗೋಳಿಬಜೆ ಇಲ್ಲ, ನೀರ್ದೋಸೆ ಇಲ್ಲ, ರಾತ್ರಿಯ ಯಕ್ಷಗಾನದ ಆಟವಂತೂ ಇಲ್ಲವೇ ಇಲ್ಲ. ಚಿಕ್ಕಂದಿನಲ್ಲಿ ನನಗೆ ಅವರನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು. ಅಷ್ಟು ದೂರದಿಂದ ಬಂದು ಇಷ್ಟೇನಾ?

ಕ್ರೂಸ್ ಅಂದರೆ ಇಷ್ಟೇ. ಬ್ರೋಷರ್‌ನಲ್ಲಿ ಐದು ಊರಿನ ಫೋಟೋ ಇರುತ್ತದೆ. ನಿಮಗೆ ಸಿಗುವುದು ಒಂದೊಂದು ಊರಿನಲ್ಲಿ ಆರೆಂಟು ಗಂಟೆ, ಅದರಲ್ಲೂ ಅರ್ಧ ಬಸ್ಸಿನಲ್ಲಿ. ದೊಡ್ಡವರು ಸಹಿಸಿಕೊಳ್ಳುತ್ತಾರೆ. ಎರಡು ವರ್ಷದ ಮಗು ಸಹಿಸಿಕೊಳ್ಳುತ್ತದಾ? ಅದಕ್ಕೇ ನಾನು ಹಡಗು ಯಾವ ಊರಿಗೆ ಹೋಗುತ್ತದೆ ಅಂತ ಕಡೆಗೆ ನೋಡುತ್ತೇನೆ. ಎಲ್ಲಿಂದ ಹೊರಡುತ್ತದೆ, ಅಲ್ಲಿಗೆ ಮಕ್ಕಳನ್ನು ಎಷ್ಟು ಸುಸ್ತಾಗದ ಹಾಗೆ ಮುಟ್ಟಿಸಬಹುದು, ಅದು ಮೊದಲು.

ಗ್ರೀಸ್, ಇಟಲಿ ತಗೊಳ್ಳಿ. ಪಟ್ಟಿಯಲ್ಲಿ "ರೋಮ್" ಅಂತ ಬರೆದಿರುತ್ತದೆ. ಹಡಗು ನಿಲ್ಲುವುದು ಚಿವಿಟವೆಕ್ಕಿಯಾ ಅನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್ 70 ಕಿಲೋಮೀಟರಿಗೂ ಜಾಸ್ತಿ. "ಫ್ಲಾರೆನ್ಸ್" ಅಂದರೆ ಲಿವೊರ್ನೊ, ಅದೂ ಅಷ್ಟೇ ದೂರ. ಕುಂದಾಪುರದಲ್ಲಿ ಇಳಿಸಿ ಮಂಗಳೂರು ಅಂದ ಹಾಗೆ. ಇನ್ನು ಸ್ಯಾಂಟೊರಿನಿ. ಆ ಬಿಳಿ ಮನೆ, ನೀಲಿ ಗುಮ್ಮಟದ ಫೋಟೋ ನೋಡಿಯೇ ಭಾವ ಗ್ರೀಸ್ ಅಂದದ್ದು, ನನಗೆ ಗೊತ್ತು. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದೇ ಇಲ್ಲ. ನೀರಿನ ನಡುವೆ ಸಣ್ಣ ದೋಣಿಗೆ ಇಳಿಯಬೇಕು. ದಡಕ್ಕೆ ಬಂದ ಮೇಲೆ ಊರು ಬಂಡೆಯ ತುದಿಯಲ್ಲಿ. ಕೇಬಲ್ ಕಾರಿಗೆ ಕ್ಯೂ ನಿಲ್ಲಬೇಕು, ಇಲ್ಲವೇ ಸುಮಾರು 600 ಮೆಟ್ಟಿಲು ಹತ್ತಬೇಕು. ಕೈಯಲ್ಲಿ ಮಗು, ಹೆಗಲಲ್ಲಿ ಡೈಪರ್ ಬ್ಯಾಗು, ಜುಲೈ ತಿಂಗಳ ಬಿಸಿಲು. ಫೋಟೋ ಚೆನ್ನಾಗಿ ಬರುತ್ತದೆ, ಅದನ್ನು ಒಪ್ಪುತ್ತೇನೆ. ಅದಕ್ಕೂ ಮೊದಲು ಯುರೋಪಿನ ಷೆಂಗೆನ್ ವೀಸಾ, ನಡುವೆ ವಿಮಾನ ಬದಲಾಯಿಸುವುದು, ಅರ್ಧರಾತ್ರಿ ಎದ್ದು ಕೂರುವ ಮಕ್ಕಳು. ಬೇಡಪ್ಪಾ.

ಅತ್ತೆ ಹೇಳಿದ ಲಕ್ಷದ್ವೀಪದ ಬಗ್ಗೆ ನನಗೆ ಸ್ವಲ್ಪ ಮೆತ್ತಗಾಗುತ್ತದೆ. ಅಮೀನಿ, ಕಡ್ಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ. ಪಾಸ್‌ಪೋರ್ಟ್ ಬೇಡ, ಪರ್ಮಿಟ್ ಸಾಕು. ಆದರೆ ನಮ್ಮಂಥ ಪ್ರವಾಸಿಗರು ಹಡಗು ಹತ್ತಬೇಕಾದ್ದು ಕೊಚ್ಚಿಯಲ್ಲಿ ಅಥವಾ ಮುಂಬೈನಲ್ಲಿ. ದ್ವೀಪದ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ. ಅಲ್ಲೂ ಅದೇ ಸಣ್ಣ ದೋಣಿ. ಹಡಗಿನ ಬಾಗಿಲು ಒಂದು ಲಯದಲ್ಲಿ ಏಳುತ್ತದೆ, ದೋಣಿ ಇನ್ನೊಂದು ಲಯದಲ್ಲಿ. ನಡುವೆ ನಿಮ್ಮ ಮಗುವನ್ನು ಯಾರೋ ಎತ್ತಿ ಇನ್ಯಾರಿಗೋ ಕೊಡುತ್ತಾರೆ. ಅಲೆ ಜೋರಾದರೆ ಆ ದಿನ ಇಳಿಯುವುದೇ ಇಲ್ಲ, ಹಡಗಿನಿಂದಲೇ ದ್ವೀಪ ನೋಡಿ ಕೈಮುಗಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾ? ಮಕ್ಕಳಿಗೆ ಈಜು ಬಂದ ಮೇಲೆ, ಜನವರಿ ಫೆಬ್ರವರಿಯಲ್ಲಿ ಹೋಗಿ. ಆಗ ಅದಕ್ಕಿಂತ ಚಂದದ ಜಾಗ ಇಲ್ಲ.

ದುಬೈ ಪರವಾಗಿಲ್ಲ. ಚಳಿಗಾಲದಲ್ಲಿ ಮಾತ್ರ. ಹತ್ತಿರವೇ, ಆದರೆ ಅಲ್ಲಿನ ಹಡಗುಗಳು ಹೆಚ್ಚಾಗಿ ಏಳು ರಾತ್ರಿಯವು. ಮೊದಲ ಸಲಕ್ಕೆ ಏಳು ರಾತ್ರಿ ಜಾಸ್ತಿ ಆಯಿತು. ಎರಡನೇ ದಿನಕ್ಕೇ ಮಗುವಿಗೆ ಜ್ವರ ಬಂದರೆ ಉಳಿದ ಐದು ದಿನ ಏನು ಮಾಡುತ್ತೀರಿ?

ಸರಿ, ಸಿಂಗಾಪುರ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆ. ಸಮಯದ ವ್ಯತ್ಯಾಸ ಎರಡೂವರೆ ಗಂಟೆ, ಒಂದೇ ದಿನದಲ್ಲಿ ಮಕ್ಕಳು ಹೊಂದಿಕೊಳ್ಳುತ್ತಾರೆ. ಮರೀನಾ ಬೇ ಕ್ರೂಸ್ ಸೆಂಟರ್ ಊರಿನೊಳಗೇ ಇದೆ, ಮೆಟ್ರೋ ಸ್ಟೇಷನ್ ಹತ್ತಿರ. ಅಲ್ಲಿಂದ ಉತ್ತರಕ್ಕೆ ಹೋಗುವ ಹಡಗುಗಳು ಮಲಾಕ್ಕಾ ಜಲಸಂಧಿಯಲ್ಲಿ ಸಾಗುತ್ತವೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ. ಎರಡು ಗೋಡೆ ನಡುವಿನ ಕೆರೆಯ ಹಾಗೆ. ತೆರೆದ ಸಮುದ್ರದ ಅಲೆ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಮೊದಲ ಸಲ ಹಡಗು ಹತ್ತುವ ಮಕ್ಕಳಿಗೆ ಇದು ದೊಡ್ಡ ವಿಷಯ. ಅಂದಹಾಗೆ, ಎರಡು ವರ್ಷದ ಕೆಳಗಿನ ಮಕ್ಕಳಿಗೆ ತಲೆಸುತ್ತು ವಾಂತಿ ಕಡಿಮೆ. ಕಷ್ಟ ಇರುವುದು ಅದಕ್ಕಿಂತ ದೊಡ್ಡ ಮಕ್ಕಳಿಗೆ. ತಂಗಿಗೆ ಅದನ್ನೇ ಹೇಳಿದೆ, "ನೀನು ಚಿಕ್ಕವನ ಚಿಂತೆ ಮಾಡ್ತಾ ಇದ್ದೀಯ, ವಾಂತಿ ಮಾಡುವುದು ದೊಡ್ಡವಳು." ಮಾತ್ರೆ, ಡೋಸ್ ಎರಡನ್ನೂ ಮಕ್ಕಳ ಡಾಕ್ಟರ್ ಹತ್ತಿರ ಬರೆಸಿಕೊಂಡೇ ಹೋಗಿ. ರೂಮು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತಗೊಳ್ಳಿ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಬೇರೆ ವಿವರಣೆ ಬೇಡ.

ನಾವು ಹೋದ ಹಡಗು ಮಲೇಷ್ಯಾದ ಪೆನಾಂಗ್‌ನಲ್ಲಿ ನಿಂತಿತು. ನನ್ನ ಪಕ್ಷಪಾತ ಶುರುವಾದದ್ದು ಅಲ್ಲೇ. ಸ್ವೆಟನ್‌ಹ್ಯಾಂ ಪಿಯರ್‌ನಲ್ಲಿ ಹಡಗು ದಡಕ್ಕೇ ತಾಗಿ ನಿಲ್ಲುತ್ತದೆ. ಇಳಿದು ರಸ್ತೆಗೆ ಬಂದರೆ ಜಾರ್ಜ್‌ಟೌನ್ ಪೇಟೆ. ಎದುರಿಗೇ ವಿಕ್ಟೋರಿಯಾ ರಾಣಿ ಹೆಸರಿನ ಗಡಿಯಾರ ಗೋಪುರ, 60 ಅಡಿ ಎತ್ತರ. ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ನೆನಪಿಗೆ, ಒಂದೊಂದು ವರ್ಷಕ್ಕೆ ಒಂದೊಂದು ಅಡಿಯಂತೆ. ಮಗಳು ಅದನ್ನು ಕೇಳಿ, "ನನಗೆ ಕಟ್ಟಿದರೆ ಆರು ಅಡಿನಾ?" ಅಂದಳು. ಅಲ್ಲಿಂದ ಸ್ಟ್ರಾಲರ್ ತಳ್ಳಿಕೊಂಡು ನಿಧಾನಕ್ಕೆ ನಡೆದರೆ ಲಿಟಲ್ ಇಂಡಿಯಾ. ಹೂ ಕಟ್ಟುವವರು, ಸ್ಪೀಕರ್‌ನಲ್ಲಿ ತಮಿಳು ಹಾಡು, 1833ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ. ಮಗನಿಗೆ ಬಿಸಿ ದೋಸೆ ಸಿಕ್ಕಿತು. ಅರ್ಧ ತಿಂದ, ಇನ್ನರ್ಧವನ್ನು ಅಂಗಿಗೆ ಒರೆಸಿದ, ಅಳೋಕೆ ಶುರು ಮಾಡಿದ. ನಾವು ಎದ್ದು ನಡೆದುಕೊಂಡು ಹಡಗಿಗೆ ವಾಪಸ್. ಒಂದು ಗಂಟೆಗೆಲ್ಲ ಅವನು ತೊಟ್ಟಿಲಲ್ಲಿ ನಿದ್ದೆ.

ಬಂದರು ನೋಡುವಾಗ ನನ್ನ ಪ್ರಶ್ನೆ ಅದೊಂದೇ. ಮಗು ಹಟ ಹಿಡಿದರೆ ನಡೆದುಕೊಂಡು ವಾಪಸ್ ಬರಬಹುದಾ? ಪೆನಾಂಗ್‌ಗೆ ಹೌದು. ಅದೇ "ಕೌಲಾಲಂಪುರ" ಅಂತ ಬರೆದಿದ್ದರೆ ಹುಷಾರು. ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ, ಊರಿಗೆ ಬಸ್ಸಿನಲ್ಲಿ ಒಂದು ಗಂಟೆ ಬೇಕು. ಅಂಥ ದಿನ ಇಳಿಯಲೇಬೇಡಿ. ಎಲ್ಲರೂ ಇಳಿದು ಹೋದ ಮೇಲೆ ಈಜುಕೊಳ, ಜಾರುಬಂಡಿ ಎಲ್ಲ ಖಾಲಿ. ಈಗ ಡಿಸ್ನಿಯವರ ಹೊಸ ಹಡಗೂ ಸಿಂಗಾಪುರದಿಂದಲೇ ಹೊರಡುತ್ತದೆ. ಮೂರು ನಾಲ್ಕು ರಾತ್ರಿ ಸುತ್ತಿ ಬರುತ್ತದೆ, ನಡುವೆ ಯಾವ ಊರಲ್ಲೂ ನಿಲ್ಲುವುದಿಲ್ಲ. ಜನ ನಗುತ್ತಾರೆ, ಎಲ್ಲಿಗೂ ಹೋಗದ ಹಡಗಾ ಅಂತ. ನನಗೇನೋ ಅವರು ಮಕ್ಕಳನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ ಅನ್ನಿಸುತ್ತದೆ. ನನ್ನ ಮಗಳಿಗೆ ಇವತ್ತಿಗೂ ನೆನಪಿರುವುದು ಲಿಫ್ಟ್, ಐಸ್‌ಕ್ರೀಮ್ ಮೆಷಿನ್ ಮತ್ತು ನಮ್ಮ ಬಾಗಿಲು.

ಬಾಗಿಲು ಯಾಕೆ ಅಂದರೆ, ಆ ಉದ್ದದ ಕಾರಿಡಾರಿನಲ್ಲಿ ಎಲ್ಲ ಬಾಗಿಲೂ ಒಂದೇ ಥರ. ಎರಡು ಸಲ ಬೇರೆಯವರ ಬಾಗಿಲು ಬಡಿದಳು. ಹಡಗಿನ ಬಾಗಿಲು ಸಾಮಾನ್ಯವಾಗಿ ಉಕ್ಕಿನದು, ಮ್ಯಾಗ್ನೆಟ್ ಅಂಟುತ್ತದೆ. ನನ್ನ ಬ್ಯಾಗಿನಲ್ಲಿ ಸಿಂಗಾಪುರದ ಗೆಳತಿಗೆ ಕೊಡಲು ಒಯ್ದಿದ್ದ ಯಕ್ಷಗಾನ ಕಿರೀಟದ ಫ್ರಿಜ್ ಮ್ಯಾಗ್ನೆಟ್ ಇತ್ತು. ಅದನ್ನು ಅಂಟಿಸಿದೆವು. ಆಮೇಲೆ ದೂರದಿಂದಲೇ ಕಿರೀಟ ನೋಡಿ ಓಡುತ್ತಿದ್ದಳು. ಗೆಳತಿಗೆ ಕೊನೆಗೆ ಚಾಕಲೇಟ್ ಕೊಟ್ಟೆ.

ಎಲ್ಲವೂ ಚಂದ ಆಯಿತು ಅಂದುಕೊಳ್ಳಬೇಡಿ. ಬುಕ್ ಮಾಡಿದ ಏಜೆಂಟ್ ಹೇಳಿದ್ದು, "ಕಿಡ್ಸ್ ಕ್ಲಬ್ ಇದೆ ಮೇಡಂ, ಮಕ್ಕಳನ್ನು ಬಿಟ್ಟು ನೀವು ಆರಾಮಾಗಿರಿ." ಹೋಗಿ ನೋಡಿದರೆ ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ನನ್ನ ಮಗನಿಗೆ ಎರಡೂವರೆ. ಹೆಚ್ಚಿನ ಹಡಗುಗಳಲ್ಲಿ ನಿಯಮ ಹೀಗೇ ಇರುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ದೊಡ್ಡ ಈಜುಕೊಳಕ್ಕೂ ಡೈಪರ್ ಮಕ್ಕಳನ್ನು ಬಿಡಲಿಲ್ಲ, ಈಜುವ ಡೈಪರ್ ಹಾಕಿದ್ದರೂ. ಸಣ್ಣ ಮಕ್ಕಳ ನೀರಾಟದ ಜಾಗ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಮೂರು ದಿನವೂ ನಾನು, ನನ್ನ ಗಂಡ ಶಿಫ್ಟ್ ಹಾಕಿಕೊಂಡು ಅವನನ್ನು ನೋಡಿಕೊಂಡೆವು.

ಮೊದಲ ದಿನದ ತಪ್ಪು ನನ್ನದೇ. ಟರ್ಮಿನಲ್‌ನಲ್ಲಿ ದೊಡ್ಡ ಸೂಟ್‌ಕೇಸ್ ಕೊಟ್ಟುಬಿಟ್ಟೆ. ಅದು ರೂಮಿಗೆ ಬಂದದ್ದು ಸಂಜೆ. ಈಜುಡುಗೆ, ಮಗನ ಬಟ್ಟೆ ಎಲ್ಲ ಅದರೊಳಗೆ. ಎದುರಿಗೆ ನೀರು, ಮಗಳ ಮುಖ ನೋಡೋಕೆ ಆಗಲಿಲ್ಲ. ಒಂದು ಜೊತೆ ಬಟ್ಟೆ, ಡೈಪರ್, ಔಷಧಿ ಕೈಚೀಲದಲ್ಲೇ ಇರಲಿ. ರೈಸ್ ಕುಕ್ಕರ್ ಮಾತ್ರ ಬೇಡ, ಸ್ಕ್ಯಾನಿಂಗ್‌ನಲ್ಲಿ ತೆಗೆದಿಡುತ್ತಾರೆ. ನಮ್ಮ ಮುಂದಿದ್ದ ಅಂಕಲ್ ಒಬ್ಬರು ಎಲೆಕ್ಟ್ರಿಕ್ ಕೆಟಲ್‌ಗಾಗಿ ಕಾಲು ಗಂಟೆ ವಾದ ಮಾಡಿ ಸೋತರು.

ಬಾಲ್ಕನಿ ರೂಮಿನ ಬಗ್ಗೆ ನನ್ನ ಅಭಿಪ್ರಾಯ ಯಾರಿಗೂ ಇಷ್ಟ ಆಗುವುದಿಲ್ಲ. ಕುರ್ಚಿ ಹತ್ತುವ ವಯಸ್ಸಿನ ಮಗು ಇದ್ದರೆ ಬಾಲ್ಕನಿ ಬೇಡ. ಕಿಟಕಿಯಿಲ್ಲದ ಒಳರೂಮು ಅಗ್ಗ, ಹಗಲಲ್ಲೂ ಕಗ್ಗತ್ತಲೆ. ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತಾರೆ. ನಾವಿಬ್ಬರು ರಾತ್ರಿ ಎಂಟೂವರೆಗೆ ದೀಪ ಆರಿಸಿ, ಬಾತ್‌ರೂಮಿನ ಹೊಸ್ತಿಲ ಮೇಲೆ ಕೂತು ಹಲಸಿನ ಚಿಪ್ಸ್ ತಿಂದೆವು. ಅದೂ ಒಂಥರಾ ಹನಿಮೂನೇ.

ದುಡ್ಡಿನ ವಿಷಯ. "ಮಕ್ಕಳಿಗೆ ಫ್ರೀ" ಅಂತ ಬರೆದಿದ್ದರೂ ಬಂದರಿನ ತೆರಿಗೆ ತಲೆಗೊಂದು ಬೀಳುತ್ತದೆ. ದಿನದ ಟಿಪ್ಸನ್ನೂ ಬಹಳಷ್ಟು ಕಡೆ ಮಕ್ಕಳ ಲೆಕ್ಕಕ್ಕೂ ಹಾಕುತ್ತಾರೆ. ಒಟ್ಟು ಎಷ್ಟು ಅಂತ ಕೇಳಿ, ಬರಹದಲ್ಲಿ ತಗೊಳ್ಳಿ. ವೀಸಾದಲ್ಲೂ ಒಂದು ಸೂಕ್ಷ್ಮ ಇದೆ. ಸಿಂಗಾಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಸಿಂಗಾಪುರಕ್ಕೇ ಬಂದರೆ ಅದು ಎರಡನೇ ಪ್ರವೇಶ. ವೀಸಾ ಕಾಗದದಲ್ಲಿ ಮಲ್ಟಿಪಲ್ ಅಂತ ಇದೆಯಾ ನೋಡಿ. ಹಡಗು ಹೊರಡುವ ದಿನವೇ ವಿಮಾನ ಇಳಿಯುವ ಸಾಹಸ ಬೇಡ, ಒಂದು ರಾತ್ರಿ ಮೊದಲೇ ಹೋಗಿ. ಹಡಗು ನಿಮಗಾಗಿ ಕಾಯುವುದಿಲ್ಲ, ಅದು ಕೆಎಸ್ಸಾರ್ಟಿಸಿ ಅಲ್ಲ.

ಅಮೆರಿಕದಲ್ಲಿರುವ ಕನ್ನಡದವರು ಕೇಳುತ್ತಿದ್ದರೆ, ನಿಮ್ಮ ಸಿಂಗಾಪುರ ಅಂದರೆ ಫ್ಲೋರಿಡಾ. ಒರ್ಲ್ಯಾಂಡೊದಿಂದ ಕಾರಿನಲ್ಲಿ ಒಂದು ಗಂಟೆ, ಪೋರ್ಟ್ ಕನಾವೆರಲ್, ಅಲ್ಲಿಂದ ಬಹಾಮಾಸ್, ಮೂರು ನಾಲ್ಕು ರಾತ್ರಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಅದನ್ನು ನೋಡಿಕೊಳ್ಳಿ.

ತಂಗಿ ಎಲ್ಲ ಕೇಳಿ, "ಹಾಗಾದರೆ ಸಿಂಗಾಪುರವೇ ಸೈ" ಅಂದಳು. ಅತ್ತೆಯನ್ನೂ ಕರೆದುಕೊಂಡು ಹೋಗುತ್ತಾಳಂತೆ, ಸಂಜೆ ಚಿಕ್ಕವನನ್ನು ನೋಡಿಕೊಳ್ಳೋಕೆ. ಅತ್ತೆಗೆ ಅದನ್ನು ಇನ್ನೂ ಹೇಳಿಲ್ಲ. ಮಗನಿಗೆ ಎರಡು ತುಂಬುವುದು ಫೆಬ್ರವರಿಯಲ್ಲಿ. ಆಮೇಲೆ ವಿಮಾನದಲ್ಲಿ ಅವನಿಗೂ ಸೀಟಿನ ದುಡ್ಡು ಕೊಡಬೇಕಲ್ಲ. ಟಿಕೆಟ್ ಜನವರಿಗೇ ಮಾಡಿಸಿದ್ದಾಳೆ.