ಮೇಲೆ ಆಲೂಗಡ್ಡೆ, ಕೆಳಗೆ ಢೋಲ್: ಲಂಡನ್‌ನಲ್ಲಿ ಒಂದು ಶನಿವಾರ ರಾತ್ರಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಾ? ಇವತ್ತಿನದು ಪೂರ್ತಿ ರಾತ್ರಿ ವ್ಲಾಗ್. ವಿಡಿಯೊ ಅಲ್ಲಲ್ಲಿ ಕತ್ತಲೆ ಇರುತ್ತದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ. ಒಳಗಿನ ಸದ್ದಿಗೆ ನಮ್ಮ ಮಾತು ಏನೂ ಕೇಳಿಸುವುದಿಲ್ಲ. ಅದಕ್ಕೇ ಮನೆಯಲ್ಲಿ ಕಾಫಿ ಹಿಡಿದು ಕೂತು ಈ ವಾಯ್ಸ್ ಓವರ್ ಕೊಡುತ್ತಿದ್ದೇನೆ.

ಹಾಸನದಿಂದ ಅಕ್ಕ, ಭಾವ ಬಂದಿದ್ದಾರೆ. ಬಿಗ್ ಬೆನ್ ಆಯ್ತು, ಟವರ್ ಬ್ರಿಡ್ಜ್ ಆಯ್ತು. "ಇಲ್ಲಿನವರು ಶನಿವಾರ ರಾತ್ರಿ ಏನ್ ಮಾಡ್ತಾರೆ, ಅದನ್ನ ತೋರಿಸೇ" ಅಂದಳು ಅಕ್ಕ. ಸರಿ, ಮೇಲೆ ರೆಸ್ಟೋರೆಂಟ್, ಕೆಳಗೆ ಡ್ಯಾನ್ಸ್ ಲೌಂಜ್ ಇರುವ ಒಂದು ಜಾಗಕ್ಕೆ ಕರೆದುಕೊಂಡು ಹೋದೆ. ಸೋಹೊ ಹತ್ತಿರ. ಹೆಸರು ಹೇಳುವುದಿಲ್ಲ. ಇದು ಪ್ರಮೋಷನ್ ಅಲ್ಲ, ಜೊತೆಗೆ ನನ್ನದು ಒಂದೆರಡು ದೂರೂ ಇದೆ.

ಮೆನುವಿನ ಮೇಲೆ "ಇಂಡಿಯಾದಿಂದ ಸ್ಫೂರ್ತಿ ಪಡೆದ ಅಡುಗೆ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಭಾವ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರೆ ಅನ್ನ, ಸಾರು ಇರಲ್ವಾ?"

ಇರಲಿಲ್ಲ. ಈ ಶಾಟ್ ನೋಡಿ. ಬೆತ್ತದ ಕುರ್ಚಿಗಳು, ಗೋಡೆ ತುಂಬ ಹಳೆಯ ರೈಲ್ವೆ ಪೋಸ್ಟರ್, ಮಹಾರಾಜರ ಫೋಟೊ, ಮೂಲೆಯಲ್ಲಿ ಒಂದು ಹಿತ್ತಾಳೆ ಹೂಜಿ. ನೋಡಿದರೆ ನಗು ಬರುತ್ತದೆ, ಆದರೆ ಈ ಅಲಂಕಾರಕ್ಕೆ ಇನ್ನೂರು ವರ್ಷದ ಇತಿಹಾಸ ಇದೆ. ಪಾಟ್ನಾದವರು ಶೇಖ್ ದೀನ್ ಮಹಮ್ಮದ್. 1810ರಲ್ಲಿ ಲಂಡನ್‌ನ ಜಾರ್ಜ್ ಸ್ಟ್ರೀಟ್‌ನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ಅಂತ ಶುರು ಮಾಡಿದರು. ಹೆಸರು ಕಾಫಿ ಹೌಸ್, ಬಡಿಸಿದ್ದು ಊಟ. ಅಲ್ಲೂ ಇದೇ ಬೆತ್ತದ ಕುರ್ಚಿ, ಗೋಡೆಯ ಮೇಲೆ ಇಂಡಿಯಾದ ಚಿತ್ರಗಳು, ಹುಕ್ಕಾ ಸೇದಲು ಬೇರೆ ಕೋಣೆ. ಆ ಕಾಲದ ಲೌಂಜ್ ಅಂತಲೇ ಅನ್ನಿ. ಈಸ್ಟ್ ಇಂಡಿಯಾ ಕಂಪನಿ ಕೆಲಸ ಮುಗಿಸಿ ಇಂಡಿಯಾದಿಂದ ವಾಪಸಾದ ಸಾಹೇಬರನ್ನೇ ನಂಬಿ ತೆರೆದ ಜಾಗ ಅದು. ಹೆಚ್ಚು ದಿನ ನಡೆಯಲಿಲ್ಲ, 1812ರಲ್ಲೇ ಅವರು ದಿವಾಳಿ ಅರ್ಜಿ ಹಾಕಿದರು. ಆಮೇಲೆ ಬ್ರೈಟನ್‌ಗೆ ಹೋಗಿ, ಹಬೆ ಸ್ನಾನ, ಅಂಗಮರ್ದನದ ಮನೆ ನಡೆಸಿ, ರಾಜನಿಗೂ ಸೇವೆ ಕೊಟ್ಟರು. ಛಲದ ಮನುಷ್ಯ! ಜಾರ್ಜ್ ಸ್ಟ್ರೀಟ್‌ನಲ್ಲಿ ಈಗ ಅವರ ನೆನಪಿಗೆ ಹಸಿರು ಫಲಕ ಇದೆ, ಆ ಕಡೆ ಹೋದರೆ ನೋಡಿ.

ಇನ್ನು ಊಟ. ಎಲ್ಲವನ್ನೂ ವಿವರಿಸುವುದಿಲ್ಲ. ಕಾಳಿ ದಾಲ್ ಚೆನ್ನಾಗಿತ್ತು. ಪನೀರ್ ಸುಮಾರಾಗಿತ್ತು. ಹುಣಸೆಹಣ್ಣು ಹಾಕಿದ ಕಾಕ್‌ಟೇಲ್ 14 ಪೌಂಡ್, ಭಾವ ಕುಡಿದು "ಪಾನಿಪುರಿ ನೀರು" ಅಂದರು. ಅವರದು ತಪ್ಪು ಅನ್ನಲಾರೆ.

ಆದರೆ ಈ ಆಲೂಗಡ್ಡೆ ಬಗ್ಗೆ ಮಾತಾಡಲೇಬೇಕು. ಗೋಲಿಗಿಂತ ಸ್ವಲ್ಪ ದೊಡ್ಡ ಆಲೂಗಡ್ಡೆ. ಸಿಪ್ಪೆ ಸಮೇತ ಬೇಯಿಸಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಅಂಚು ಗರಿಗರಿ ಆಗುವ ತನಕ ಕರಿದಿದ್ದಾರೆ. ಮೇಲೆ ಬೆಣ್ಣೆ, ಅದರ ಮೇಲೆ ಚಟ್ನಿಪುಡಿ. ಹೌದು, ನಮ್ಮ ಮನೆಯ ಡಬ್ಬಿಯಲ್ಲಿ ಇರುವ ಅದೇ ಚಟ್ನಿಪುಡಿ. ಅಕ್ಕ ಬೆರಳಿಗೆ ಒಂದಿಷ್ಟು ಹತ್ತಿಸಿಕೊಂಡು ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಯೋಚನೆ ಮಾಡಿ, "ಕಡಲೆಬೇಳೆ ಚೆನ್ನಾಗಿ ಹುರಿದಿದ್ದಾರೆ. ಬೆಲ್ಲ ಹಾಕಿಲ್ಲ. ಕೊಬ್ಬರೀನೂ ಇಲ್ಲ. ಮೆಣಸಿನಕಾಯಿ ಬ್ಯಾಡಗಿ ಅಲ್ಲ" ಅಂತ ತೀರ್ಪು ಕೊಟ್ಟಳು. ತೀರ್ಪು ಕೊಟ್ಟಮೇಲೆ ತಟ್ಟೆ ತನ್ನ ಕಡೆ ಎಳೆದುಕೊಂಡಳು! 9 ಪೌಂಡ್‌ಗೆ ಕೆಲವೇ ಕೆಲವು ಆಲೂಗಡ್ಡೆ, ಆದರೂ ಇನ್ನೊಂದು ಪ್ಲೇಟ್ ಹೇಳಿದೆವು.

ಒಂದು ವಿಷಯ ಮಾತ್ರ ನನಗೆ ಕಿರಿಕಿರಿ. ದಕ್ಷಿಣ ಅಂದರೆ ಇವರಿಗೆ ಅಂಗೈಯಷ್ಟು ದೋಸೆ, ಅದರ ಮೇಲೆ ಅವಕಾಡೊ. ನಿಜವಾದ ದೋಸೆ ಬೇಕಾದವರು ಈಸ್ಟ್ ಹ್ಯಾಮ್‌ಗೋ ವೆಂಬ್ಲಿಗೋ ಹೋಗಬೇಕು. ಅಲ್ಲಿ ಬೆತ್ತದ ಕುರ್ಚಿ ಇರಲ್ಲ, ಸಾಂಬಾರ್ ಇರುತ್ತೆ.

ಈಗ ಕೆಳಗೆ ಇಳಿಯೋಣ. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಸೆಕ್ಯೂರಿಟಿ ಎಲ್ಲರ ಐಡಿ ನೋಡುತ್ತಿದ್ದ. ಊರಿಂದ ಬಂದವರನ್ನು ಕರೆದೊಯ್ಯುವುದಾದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ತಲೆ ನರೆತಿದ್ದರೂ ಕೆಲವು ಕಡೆ ಕೇಳುತ್ತಾರೆ. ನಲವತ್ತು ದಾಟಿದ ಅಕ್ಕನಿಗೆ ಐಡಿ ಕೇಳಿದ್ದಕ್ಕೆ ಅವಳಿಗೆ ಎಷ್ಟು ಖುಷಿ ಅಂದರೆ, ನೋಡಿ, ಮುಖ ನೋಡಿ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೇಲಿನ ಮಹಡಿ ಇಂಡಿಯಾದ ವೇಷ ಹಾಕಿಕೊಂಡಿದೆ. ಕೆಳಗಿನದಕ್ಕೆ ವೇಷ ಬೇಕಾಗಿಲ್ಲ. ಅಲ್ಲಿ ಬಡಿಯುವ ಭಾಂಗ್ರಾ ಬೀಟ್ ಪಂಜಾಬಿನ ಹೊಲದಿಂದ ಹೊರಟಿದ್ದು ನಿಜ, ಆದರೆ ಸಿಂಥಸೈಸರ್, ಡ್ರಮ್ ಮಷೀನ್ ಸೇರಿ ಈ ರೂಪಕ್ಕೆ ಬಂದಿದ್ದು ಇಲ್ಲೇ, ಲಂಡನ್‌ನ ಸೌತಾಲ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಫ್ಯಾಕ್ಟರಿ, ಫೌಂಡ್ರಿ ಕೆಲಸಕ್ಕೆ ಬಂದವರ ಮಕ್ಕಳ ಸಂಗೀತ ಇದು. 1980ರ ದಶಕದಲ್ಲಿ ಕ್ಯಾಸೆಟ್‌ಗಳು ದಿನಸಿ ಅಂಗಡಿಯಲ್ಲಿ, ಸೀರೆ ಅಂಗಡಿಯಲ್ಲಿ ರಾಶಿ ರಾಶಿ ಮಾರಾಟ ಆಗುತ್ತಿದ್ದವು. ಆ ಅಂಗಡಿಗಳ ಲೆಕ್ಕ ಪಾಪ್ ಚಾರ್ಟ್‌ನವರಿಗೆ ಸಿಗುತ್ತಲೇ ಇರಲಿಲ್ಲ.

ಇನ್ನೂ ಮಜಾ ಏನು ಗೊತ್ತಾ? ಆಗ ಡಿಸ್ಕೊ ನಡೆಯುತ್ತಿದ್ದದ್ದು ಹಾಡುಹಗಲಲ್ಲಿ. ಡೇಟೈಮರ್ ಅಂತ ಕರೆಯುತ್ತಿದ್ದರು. ರಾತ್ರಿ ಹೊರಗೆ ಹೋಗಲು ಮನೆಯಲ್ಲಿ ಬಿಡುತ್ತಿರಲಿಲ್ಲ, ಹುಡುಗಿಯರನ್ನಂತೂ ಬಿಡುತ್ತಲೇ ಇರಲಿಲ್ಲ. ಹಾಗಾಗಿ ಸ್ಕೂಲಿಗೆ ಅಂತ ಹೊರಟು, ಬ್ಯಾಗಿನಲ್ಲಿದ್ದ ಬಟ್ಟೆ ಟಾಯ್ಲೆಟ್‌ನಲ್ಲಿ ಬದಲಾಯಿಸಿಕೊಂಡು, ಕುಣಿದು, ಸಂಜೆ ಹೊತ್ತಿಗೆ ಯೂನಿಫಾರ್ಮ್‌ನಲ್ಲಿ ಮನೆಗೆ. ಸ್ಕೂಲ್‌ಗೆ ಚಕ್ಕರ್, ಡಿಸ್ಕೊಗೆ ಹಾಜರ್! ಇವತ್ತು ಅವರೇ ಐವತ್ತು ದಾಟಿದ ಅಪ್ಪ ಅಮ್ಮಂದಿರು. ನಮ್ಮ ಪಕ್ಕದ ಟೇಬಲ್‌ನಲ್ಲಿ ಅಂಥ ಒಂದು ಗುಂಪೇ ಇತ್ತು. ಅವರಲ್ಲಿ ಒಬ್ಬರು ಅಕ್ಕನ ಕೈ ಹಿಡಿದು ಫ್ಲೋರಿಗೆ ಎಳೆದುಕೊಂಡು ಹೋದರು.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ, ಸ್ಲೋ ಮೋಷನ್‌ನಲ್ಲಿ ಹಾಕಿದ್ದೇನೆ. ಡಿಜೆ ಪಕ್ಕದಲ್ಲೇ ಢೋಲ್ ಕೊರಳಿಗೆ ಹಾಕಿಕೊಂಡ ಹುಡುಗ. ಅವನ ಒಂದು ಕೈಯಲ್ಲಿ ದಪ್ಪ, ತುದಿ ಬಾಗಿದ ಕೋಲು, ಅದು ಡಗ್ಗಾ, ಎದೆಗೆ ಗುದ್ದುವ ಸದ್ದು ಅದರದು. ಇನ್ನೊಂದರಲ್ಲಿ ತೆಳ್ಳಗಿನ ಬಿದಿರು ಕಡ್ಡಿ, ತೀಲಿ. ಅದು ಚರ್ಮಕ್ಕೆ ತಾಗಿದ್ದೇ ಕಾಣುವುದಿಲ್ಲ, ಟಿರಟಿರ ಅಂತ ಕೇಳುತ್ತದೆ ಅಷ್ಟೇ. ಗಣಪತಿ ಬಿಡುವಾಗ ತಮಟೆ ಬಡಿದರೆ ಕಾಲು ತಾನಾಗೇ ಎದ್ದ ಹಾಗೆ, ಇಲ್ಲೂ ಆಯ್ತು. ಭಾವ ಭಾಂಗ್ರಾ ಕಲಿಯಲಿಲ್ಲ. ಹಾಸನದ ಸ್ಟೆಪ್ಪೇ ಹಾಕಿದರು, ಕರ್ಚೀಫ್ ಬೀಸುತ್ತಾ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಆಮೇಲೆ ಪಂಜಾಬಿ ಎಂಸಿ ಅವರ ಆ ಹಾಡು, 'ಮುಂಡಿಯಾಂ ತೋ ಬಚ್ ಕೇ' ಬಂತು, ಬರಲೇಬೇಕಲ್ವಾ? ಕೊವೆಂಟ್ರಿಯ ಈ ಕಲಾವಿದ ಹಳೆಯ ಅಮೆರಿಕನ್ ಟಿವಿ ಸೀರಿಯಲ್ 'ನೈಟ್ ರೈಡರ್'ನ ಟ್ಯೂನ್ ಮೇಲೆ ಪಂಜಾಬಿ ದನಿ ಕೂರಿಸಿ, 2003ರಲ್ಲಿ ಬ್ರಿಟನ್ನಿನ ಟಾಪ್ ಫೈವ್‌ಗೆ ತಂದು ನಿಲ್ಲಿಸಿದರು. ದಿನಸಿ ಅಂಗಡಿಯ ಕ್ಯಾಸೆಟ್‌ನಿಂದ ಅಲ್ಲಿಯವರೆಗೆ! ಬಿಳಿಯರು, ಕರಿಯರು, ನಮ್ಮವರು, ಫ್ಲೋರಿನಲ್ಲಿ ಎಲ್ಲರಿಗೂ ಅದು ಬಾಯಿಪಾಠ.

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಬ್‌ಗಳಲ್ಲಿ "ಡ್ಯಾನ್ಸ್ ಮಾಡುವಂತಿಲ್ಲ" ಅಂತ ಬೋರ್ಡ್ ಇರುತ್ತಿತ್ತು. ಹಾಡು ಮಾತ್ರ ಕಿವಿ ಕಿತ್ತುಹೋಗುವ ಹಾಗೆ. ಕೂತಲ್ಲೇ ಭುಜ ಕುಣಿಸಬೇಕು. ಆ ಬಾಕಿ ಪೂರ್ತಿ ಇಲ್ಲಿ ತೀರಿಸಿದೆ ಅಂತ ಇಟ್ಟುಕೊಳ್ಳಿ.

ಕನ್ನಡ ಹಾಡು ಹಾಕಿ ಅಂತ ಡಿಜೆ ಹತ್ತಿರ ಕೇಳಿದೆ. ತಲೆ ಅಲ್ಲಾಡಿಸಿ ತಮಿಳು ಹಾಡು ಹಾಕಿದ. ನನ್ನ ಎರಡನೇ ದೂರು ಇದು. ಆದರೂ ಕುಣಿದೆವು, ಬೀಟ್ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗುತ್ತಾ?

ಕೊನೆಗೆ ದುಡ್ಡಿನ ವಿಷಯ. ಬಿಲ್ಲಿನಲ್ಲಿ 12.5 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ. ಲಂಡನ್‌ನಲ್ಲಿ ಇದು ಮಾಮೂಲಿ. "ಡಿಸ್ಕ್ರೀಷನರಿ", ಅಂದರೆ ಕೊಡುವುದು ನಿಮ್ಮ ಇಷ್ಟ ಅಂತ ಬರೆದಿದ್ದರೆ ತೆಗೆಸಬಹುದು. ನಾವು ತೆಗೆಸಲಿಲ್ಲ, ನಮಗೆ ಬಡಿಸಿದ ಹುಡುಗಿ ಅಷ್ಟು ಚೆನ್ನಾಗಿ ನೋಡಿಕೊಂಡಳು. ಕೋಟು ಇಡಲು ಬೇರೆ ದುಡ್ಡು, ಸಾಧ್ಯವಾದರೆ ತೆಳ್ಳಗಿನ ಜಾಕೆಟ್ ಹಾಕಿಕೊಂಡು ಹೋಗಿ. ವಾಪಸ್ ಬರಲು ಶುಕ್ರವಾರ, ಶನಿವಾರ ರಾತ್ರಿ ಯೋಚನೆ ಇಲ್ಲ. ಟ್ಯೂಬ್, ಅಂದರೆ ಇಲ್ಲಿನ ಮೆಟ್ರೊ ರೈಲಿನ ವಿಕ್ಟೋರಿಯಾ, ಜುಬಿಲಿ ಲೈನ್‌ಗಳು ಬೆಳಗಿನ ತನಕ ಓಡುತ್ತವೆ, ಸೆಂಟ್ರಲ್, ನಾರ್ದರ್ನ್, ಪಿಕಾಡಿಲಿ ಲೈನ್‌ಗಳ ಹೆಚ್ಚಿನ ಭಾಗವೂ ಅಷ್ಟೇ. ಬೇರೆ ದಿನ ಹೋದರೆ ನೈಟ್ ಬಸ್ಸೇ ಗತಿ. ಅಕ್ಕ ಆಗಲೇ ಮುಂದಿನ ಶನಿವಾರ ಎಲ್ಲಿಗೆ ಅಂತ ಕೇಳುತ್ತಿದ್ದಾಳೆ. ಸೌತಾಲ್ ಕಡೆ ಒಳ್ಳೆಯ ಜಾಗ ಗೊತ್ತಿದ್ದರೆ ಕೆಳಗೆ ಬರೆದು ತಿಳಿಸಿ. ಭಾವನಿಗೆ ಅನ್ನ ಇರಬೇಕು, ಅದೊಂದೇ ಕಂಡೀಷನ್.